ಮೂರನೆಯ ಹಲ್ಲು

ಸಿದ್ದಲಿಂಗಪ್ಪ ಲಂಡನ್ನಿಗೆ ಬಂದದ್ದು ಹೆಂಡತಿಯ ನೌಕರಿಯ ಬೆನ್ನು ಹಿಡಿದು. 1984ರಲ್ಲಿ ಡಾಕ್ಟರ್ ವಿಜಯಾಗೆ ನಗರದ ವಾಯವ್ಯ ಭಾಗದ ಸರ್ಕಾರಿ ಆಸ್ಪತ್ರೆಯೊಂದರ ವೃದ್ಧರ ವಾರ್ಡಿನಲ್ಲಿ ಕೆಲಸ ಸಿಕ್ಕಿತು. ಅವನಾಗ ಹಿರೇಕೆರೂರಿನ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ. ರಾಜೀನಾಮೆ ಬರೆದುಕೊಟ್ಟು, ಎರಡು ವರ್ಷದ ಮಗಳು ಧೃತಿಯನ್ನು ಎತ್ತಿಕೊಂಡು ವಿಮಾನ ಹತ್ತಿದ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಪಡೆದ ಪದವಿ ಇಲ್ಲಿ ನಡೆಯಬೇಕಾದರೆ ಇನ್ನೊಂದು ಪರೀಕ್ಷೆ ಪಾಸಾಗಬೇಕು ಎಂಬುದು ಬಂದ ಮೇಲೆ ತಿಳಿಯಿತು. ಎರಡು ಸಲ ಕಟ್ಟಿದ, ಎರಡು ಸಲವೂ ನಾಪಾಸಾದ. ಅರ್ಧಕ್ಕರ್ಧ ಪ್ರಶ್ನೆಗಳು ನಾಯಿ, ಬೆಕ್ಕು, ಮೊಲಗಳ ಬಗ್ಗೆ ಇದ್ದವು. ಎತ್ತಿನ ಹೆಗಲು ಬಾತರೆ ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ.

ಮೂರು ವರ್ಷ ಪಾರ್ಕ್ ರಾಯಲ್‌ನ ಬಿಸ್ಕತ್ತು ಕಾರ್ಖಾನೆಯಲ್ಲಿ ಪೆಟ್ಟಿಗೆ ಜೋಡಿಸಿದ. ಆಮೇಲೆ ಕೌನ್ಸಿಲ್‌ನವರು ಮಾಂಸ ತಪಾಸಕರನ್ನು ತರಬೇತಿಗೊಳಿಸುತ್ತಾರೆಂಬ ಜಾಹೀರಾತು ಕಂಡು ಅರ್ಜಿ ಹಾಕಿದ. ಆ ದಿನ ಮನೆಯಲ್ಲಿ ನಡೆದ ಮಾತು ಉದ್ದವೇನಿರಲಿಲ್ಲ.

"ಲಿಂಗವಂತರು ಮಾಡೋ ಕೆಲಸ ಏನ್ರಿ ಇದು?" ಎಂದಳು ವಿಜಯಾ.

"ಕೊಯ್ಯೋದು ನಾನಲ್ಲ. ರೋಗ ಐತೋ ಇಲ್ಲೋ ನೋಡೋದಷ್ಟ. ಅಲ್ಲಿ ಬದುಕಿದ್ದ ದನ ನೋಡ್ತಿದ್ದೆ, ಇಲ್ಲಿ ಸತ್ತದ್ದು ನೋಡ್ತೇನಿ."

ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ಕೆಲಸಕ್ಕೆ ಹೋಗುವಾಗ ಬಿಚ್ಚಿ ದೇವರ ಗೂಡಿನಲ್ಲಿಡುವುದು, ಸಂಜೆ ಬಂದು ಸ್ನಾನ ಮಾಡಿ ಮತ್ತೆ ಕಟ್ಟಿಕೊಳ್ಳುವುದು ಅವನ ರೂಢಿಯಾಯಿತು. ಬಿಚ್ಚಬಾರದ್ದನ್ನು ದಿನಾ ಬಿಚ್ಚುವ ಕೈಗೆ ಮೊದಲ ವರ್ಷ ಪೂರ್ತಿ ಹಿಂಜರಿಕೆಯಿತ್ತು. ಪಿನ್ನರ್ ಬಡಾವಣೆಯ ಕನ್ನಡದವರು ಕೇಳಿದರೆ "ಫುಡ್ ಡಿಪಾರ್ಟ್‌ಮೆಂಟ್" ಎನ್ನುತ್ತಿದ್ದ. ಹೆಚ್ಚಿಗೆ ಯಾರೂ ಕೆದಕುತ್ತಿರಲಿಲ್ಲ.

ಕಸಾಯಿಖಾನೆ ಇದ್ದದ್ದು ನಗರದ ಇನ್ನೊಂದು ತುದಿಯಲ್ಲಿ, ಅಪ್‌ಮಿನ್‌ಸ್ಟರ್‌ನ ಆಚೆ, ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ. ಮುಂಜಾನೆ ಐದಕ್ಕೆ ಹಳೆಯ ವಾಕ್ಸ್‌ಹಾಲ್ ಕಾರು ಹತ್ತಿ ನಾರ್ತ್ ಸರ್ಕ್ಯುಲರ್ ರಸ್ತೆ ಹಿಡಿಯುತ್ತಿದ್ದ. ಮಧ್ಯಾಹ್ನ ವಾಪಸಾಗುವಾಗ ಈಸ್ಟ್ ಹ್ಯಾಮ್‌ನಲ್ಲಿ ನಿಂತು ಇಡ್ಲಿ ತಿನ್ನುತ್ತಿದ್ದ. ಏಳೆಂಟು ವರ್ಷ ಹೀಗೇ ನಡೆಯಿತು. 1995ರಲ್ಲಿ ತಪಾಸಕರೆಲ್ಲರನ್ನೂ ಕೌನ್ಸಿಲ್‌ಗಳಿಂದ ತೆಗೆದು ಒಂದೇ ಕೇಂದ್ರ ಸೇವೆಯಡಿ ತಂದಾಗ ಅವನ ಕೋಟಿನ ಮೇಲಿನ ಚಿಹ್ನೆ ಬದಲಾಯಿತು, ಕೆಲಸ ಬದಲಾಗಲಿಲ್ಲ.

ಬದಲಾದದ್ದು 1996ರ ಯುಗಾದಿಯ ದಿನ. ಅಂದು ಬುಧವಾರ. ವಿಜಯಾ ರಜೆ ಹಾಕಿ ಹೋಳಿಗೆ ಮಾಡಿದ್ದಳು. ಸಂಜೆಯ ಟಿವಿಯಲ್ಲಿ ಪಾರ್ಲಿಮೆಂಟಿನ ಹೇಳಿಕೆ ಬಂತು: ಕೈ ನಡುಗಿಸಿ, ನಡಿಗೆ ತಪ್ಪಿಸಿ ಕೊಲ್ಲುವ ಹೊಸ ಬಗೆಯ ರೋಗವೊಂದು ಮನುಷ್ಯರ ಮಿದುಳಿಗೆ ತಗುಲಿದೆ, ಅದಕ್ಕೂ ಹುಚ್ಚು ಹಿಡಿದ ದನಗಳ ಮಾಂಸಕ್ಕೂ ಸಂಬಂಧವಿರಬಹುದು. ಹತ್ತು ವರ್ಷದಿಂದ ಹಾಗೇನೂ ಇಲ್ಲವೆಂದು ಹೇಳುತ್ತ ಬಂದಿದ್ದ ಸರ್ಕಾರವೇ ಈಗ ಹೀಗೆ ಹೇಳುತ್ತಿತ್ತು. ಹೋಳಿಗೆ ಕೈಯಲ್ಲಿದ್ದಂತೆಯೇ ಸಿದ್ದಲಿಂಗಪ್ಪ ಎದ್ದು ನಿಂತ. ಸುದ್ದಿ ಮುಗಿಯುವವರೆಗೂ ಕೂರಲಿಲ್ಲ.

ಆ ಶನಿವಾರ ಹ್ಯಾರೋದ ಶಾಲೆಯೊಂದರ ಹಾಲಿನಲ್ಲಿ ಯುಗಾದಿಯ ಕೂಟವಿತ್ತು. ಬೇವು ಬೆಲ್ಲ ಹಂಚುವ ಗದ್ದಲದಲ್ಲಿ ಮೈಸೂರಿನ ಡಾಕ್ಟರ್ ಉದಯಶಂಕರ್ ಅವನನ್ನು ಕೋಟುಗಳನ್ನು ನೇತುಹಾಕಿದ್ದ ಮೂಲೆಗೆ ಕರೆದೊಯ್ದರು.

"ನೀವು ಫುಡ್ ಡಿಪಾರ್ಟ್‌ಮೆಂಟಿನವರಲ್ವಾ? ನಮ್ಮ ಹುಡುಗ ಸ್ಕೂಲಲ್ಲಿ ಬರ್ಗರ್ ತಿಂತಾನೆ ಅಂತ ಮೊನ್ನೆ ಗೊತ್ತಾಯ್ತು. ಮನೇಲಿ ಹೇಳಿಲ್ಲ. ಎಷ್ಟು ವರ್ಷದಿಂದ ತಿಂತಿದ್ದಾನೋ. ಏನಾದ್ರೂ ಆಗತ್ತಾ?"

"ಗೊತ್ತಿಲ್ಲ ಸರ್. ಯಾರಿಗೂ ಗೊತ್ತಿಲ್ಲ."

ಉದಯಶಂಕರ್ ಹೋದ ಮೇಲೆ ಇನ್ನಿಬ್ಬರು ಬಂದು ಅದನ್ನೇ ಕೇಳಿದರು, ಅಷ್ಟೇ ಮೆಲ್ಲಗೆ. ಆಮೇಲೆ ಹಾಲಿನ ಆ ತುದಿಯಲ್ಲಿ ಗೆಳತಿಯರ ಜೊತೆ ನಗುತ್ತಿದ್ದ ಧೃತಿಯನ್ನು ಅವನು ಒಮ್ಮೆ ನೋಡಿದ. ಅವಳಿಗೆ ಹದಿನಾಲ್ಕು. ಕೇಳಬೇಕೆನಿಸಿತು. ಕೇಳಲಿಲ್ಲ.

ಕೆಲವು ವಾರ ಕಸಾಯಿಖಾನೆ ಖಾಲಿ ಬಿದ್ದಿತ್ತು. ಏಪ್ರಿಲ್‌ನಲ್ಲಿ ಹೊಸ ನಿಯಮ ಬಂತು. ಮೂವತ್ತು ತಿಂಗಳು ದಾಟಿದ ಯಾವ ದನವನ್ನೂ ತಿನ್ನಲು ಬಿಡಕೂಡದು. ವಯಸ್ಸಾದವುಗಳನ್ನು ಸರ್ಕಾರವೇ ಕೊಂಡು ಸುಟ್ಟುಹಾಕುತ್ತದೆ. ಸಣ್ಣ ವಯಸ್ಸಿನ ದನದಲ್ಲಿ ರೋಗ ಬೆಳೆದಿರುವುದಿಲ್ಲ ಎಂಬುದು ಲೆಕ್ಕ. ಆದರೆ ವಯಸ್ಸು ಹೇಳುವವರು ಯಾರು? ಪ್ರತಿ ಕರುವಿಗೂ ಪಾಸ್‌ಪೋರ್ಟ್ ಕೊಡುವ ಪದ್ಧತಿ ಇನ್ನೂ ಶುರುವಾಗಿರಲಿಲ್ಲ. ಇದ್ದದ್ದು ರೈತನ ಕೈಬರಹದ ಪುಸ್ತಕ, ಮತ್ತೆ ದನದ ಬಾಯಿ. ಹಾಲುಹಲ್ಲು ಬಿದ್ದು ಮುಂದಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ಅಡ್ಡಿಯಿಲ್ಲ. ಮೂರನೆಯದು ಒಸಡು ಸೀಳಿ ತಲೆ ಹಾಕಿದ್ದರೆ ಆ ದನ ಮೂವತ್ತು ತಿಂಗಳು ದಾಟಿದ್ದೆಂದೇ ಎಣಿಕೆ. ಇಡೀ ದೇಹಕ್ಕೆ ನೀಲಿ ಬಣ್ಣ ಸುರಿದು ಸುಡಲು ಕಳಿಸಬೇಕು. ಹಾಗೆ ಸಿಕ್ಕಿಬಿದ್ದ ದನಕ್ಕೆ ಪರಿಹಾರವೂ ಇಲ್ಲ.

ಬೇರೆ ತಪಾಸಕರು ಗೋಡೆಗೆ ಅಂಟಿಸಿದ ಚಿತ್ರಪಟ ನೋಡುತ್ತ, ಟಾರ್ಚು ಹಿಡಿದು ತಡಕಾಡಿದರು. ಸಿದ್ದಲಿಂಗಪ್ಪನಿಗೆ ಪಟ ಬೇಕಿರಲಿಲ್ಲ. ಅವನಪ್ಪ ಶಾಂತಪ್ಪ ಹಾವೇರಿ ದನದ ಪೇಟೆಯಲ್ಲಿ ನಲವತ್ತು ವರ್ಷ ದಲ್ಲಾಳಿಯಾಗಿದ್ದವನು. ಎರಡು ಹಲ್ಲು, ನಾಲ್ಕು ಹಲ್ಲು, ಎಲ್ಲ ಹಲ್ಲೂ ಬಂದು ಬಾಯಿಗೂಡಿದ ಎತ್ತು ಎಂದು ದೂರದಿಂದಲೇ ಹೇಳುತ್ತಿದ್ದ. ತುಟಿ ಮಡಿಚಿ ಹೆಬ್ಬೆರಳಿನಿಂದ ಒಸಡು ಒರೆಸುವುದನ್ನು ಮಗನಿಗೆ ಎಂಟನೇ ವಯಸ್ಸಿಗೇ ಕಲಿಸಿದ್ದ. ಹೆಬ್ಬಾಳದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಈಗ ಲಂಡನ್ನಿಗೆ ಬೇಕಾಯಿತು. ಕೊಕ್ಕೆಗೆ ಹಾಕಿದ ತಲೆ ಮುಂದೆ ಬಂದರೆ ಒಂದು ಉಸಿರಿನಲ್ಲಿ ಹೇಳುತ್ತಿದ್ದ: ಎರಡು. ಎರಡು. ನಾಲ್ಕು, ಬೇಡ. ಎರಡು.

ಅಲ್ಲಿಯ ಮುಖ್ಯ ಪಶುವೈದ್ಯೆ ಇನೆಸ್, ಸ್ಪೇನಿನಿಂದ ಬಂದ ಮೂವತ್ತರ ಹೆಣ್ಣುಮಗಳು. ಒಂದು ವಾರ ಅವನ ಹಿಂದೆ ನಿಂತು ಪ್ರತಿ ತಲೆಯನ್ನೂ ತಾನು ಇನ್ನೊಮ್ಮೆ ನೋಡಿದಳು. ಎಲ್ಲೂ ತಪ್ಪಿರಲಿಲ್ಲ. "ಇನ್ನು ಮೇಲೆ ಹಲ್ಲಿನ ವಿಚಾರ ಸಿದ್‌ನದು" ಎಂದುಬಿಟ್ಟಳು. ಕಸಾಯಿಗಳು ಅವನನ್ನು ಡೆಂಟಿಸ್ಟ್ ಎಂದು ಕರೆಯತೊಡಗಿದರು. ಹೇಳಿಕೊಳ್ಳಲಾಗದ ಕೆಲಸದಲ್ಲಿ ಎಂಟು ವರ್ಷದ ಮೇಲೆ ಮೊದಲ ಬಾರಿಗೆ ಅವನಿಗೆ ಹೆಮ್ಮೆಯೆನಿಸಿತು. ಆ ಹೆಮ್ಮೆಯ ಜೊತೆಗೇ ಒಂದು ಚಡಪಡಿಕೆಯೂ ಬಂತು. ದಿನಕ್ಕೆ ಎಂಬತ್ತು ಬಾಯಿ. ಒಂದೊಂದರ ಹಿಂದೆಯೂ ಎಷ್ಟು ತಟ್ಟೆಗಳು! ಮನೆಗೆ ಬಂದ ಮೇಲೂ ಹೆಬ್ಬೆರಳು ತಾನಾಗಿ ಮೇಜಿನ ಅಂಚನ್ನು ಒರೆಸುತ್ತಿತ್ತು.

ಆ ಬೇಸಿಗೆ ಕ್ಯಾಂಟೀನಿನ ಗೋಡೆಗೆ ಹೊಸ ಪೋಸ್ಟರ್‌ಗಳು ಬಂದವು. ಬೆಳ್ಳಿಯ ತಟ್ಟೆಯಲ್ಲಿ ಹುರಿದ ಮಾಂಸದ ದೊಡ್ಡ ತುಂಡು, ಸುತ್ತ ನಗುವ ಮನೆಮಂದಿ, ಕೆಳಗೆ ಈ ದೇಶದ ಬೀಫ್ ಕೊಳ್ಳಿರೆಂಬ ಕರೆ. ದನಕ್ಕಿಷ್ಟು ಎಂದು ತೆರಿಗೆ ಎತ್ತಿ ನಡೆಸುವ ಪ್ರಚಾರದವರು ಕಳಿಸಿದ್ದು. ಅದರ ಪಕ್ಕದಲ್ಲೇ ಹಲ್ಲಿನ ಚಿತ್ರಪಟ. "ಒಂದೇ ಸರ್ಕಾರ ಒಂದು ಕೈಯಲ್ಲಿ ತಿನ್ನು ಅನ್ನುತ್ತೆ, ಇನ್ನೊಂದು ಕೈಯಲ್ಲಿ ಬಾಯಿ ತೆಗೆದು ತೋರಿಸು ಅನ್ನುತ್ತೆ" ಎಂದು ಇನೆಸ್ ನಕ್ಕಳು. ಸಿದ್ದಲಿಂಗಪ್ಪ ನಗಲಿಲ್ಲ.

ಅಕ್ಟೋಬರ್‌ನಲ್ಲಿ ಡೆನಿಸ್ ಪ್ರೌಟ್ ಎಂಬ ಮುದುಕ ಮೂರು ಕಡಸುಗಳನ್ನು ತಂದ. ಅರವತ್ತಾರು ವರ್ಷ, ನಾರ್ತ್ ಆಕೆಂಡನ್‌ನಲ್ಲಿ ಸಣ್ಣ ಹೊಲ, ಇಪ್ಪತ್ತು ದನ. ಎಂ-25 ಹೆದ್ದಾರಿಯ ಆಚೆ ಇದ್ದೂ ಲಂಡನ್ನಿಗೇ ಸೇರಿದ ಊರು ಅದು. ಅವನ ಪುಸ್ತಕದ ಪ್ರಕಾರ ಮೂರಕ್ಕೂ ಇಪ್ಪತ್ತೆಂಟು ತಿಂಗಳು. ಎರಡು ಸುಸೂತ್ರ ಮುಗಿದವು. ಮೂರನೆಯದು ಕೆಂಪು ಬಿಳಿ ಕೂದಲು ಕಲೆತ ಕಡಸು. ತುಟಿ ಮಡಿಚಿ ಹೆಬ್ಬೆರಳಿಟ್ಟ. ಎಡಗಡೆ ಒಸಡಿನಲ್ಲಿ ಸಾಸಿವೆ ಕಾಳಿನಷ್ಟು ಗಟ್ಟಿ ತಗುಲಿತು.

ಅವನು ನಿಂತ. ಹಿಂದೆ ಸಾಲು ನಿಂತಿತು, ಬಾಗಿಲಲ್ಲಿದ್ದ ಪ್ರೌಟ್ ಕತ್ತು ಚಾಚಿ ನೋಡಿದ.

ಒಳ್ಳೆಯ ಮೇವು ತಿಂದ ದನಕ್ಕೆ ಹಲ್ಲು ಬೇಗ ಬರುತ್ತದೆ. ಅಪ್ಪ ಅದನ್ನು ನೂರು ಸಲ ಹೇಳಿದ್ದ. ಹಲ್ಲೊಂದನ್ನೇ ನಂಬಬೇಡ, ಗೊರಸು ನೋಡು, ಕೂದಲು ನೋಡು. ಸಿದ್ದಲಿಂಗಪ್ಪ ಬೆಳಗ್ಗೆ ದೊಡ್ಡಿಯಲ್ಲಿ ಆ ಕಡಸನ್ನು ಜೀವಂತ ನೋಡಿದ್ದ. ಮೈ ಹೊಳೆಯುತ್ತಿತ್ತು, ನಡೆ ಹಗುರಾಗಿತ್ತು. ಇದು ಎಳೆಯದೇ ಎಂದು ಅವನಿಗೆ ಖಚಿತವಿತ್ತು. ಸುಮ್ಮನೆ ಒಂದು ಇಡೀ ದನವನ್ನು ಸುಡುವುದೇ? ನಿಯಮದ ಪ್ರಕಾರ ಒಸಡು ದಾಟಿದ್ದರೆ ಮೂರು. ಅವನ ಬೆರಳಿನ ಪ್ರಕಾರ ಇನ್ನೂ ದಾಟುತ್ತಿದೆ.

"ಎರಡು" ಎಂದ. ಮುದ್ರೆ ಬಿತ್ತು.

ಏಳು ತಿಂಗಳು ಕಳೆದವು. ಮರುವರ್ಷದ ಮೇ ತಿಂಗಳಲ್ಲಿ ಪ್ರೌಟ್ ಮತ್ತೆರಡು ದನ ತಂದ. ಕೆಲಸ ಮುಗಿಸಿ ಕಾರಿನ ಕಡೆ ಹೊರಟಿದ್ದ ಸಿದ್ದಲಿಂಗಪ್ಪನನ್ನು ಗೇಟಿನ ಬಳಿ ತಡೆದು, ತನ್ನ ವ್ಯಾನಿನಿಂದ ಒಂದು ಬುಟ್ಟಿ ಮೊಟ್ಟೆ ತೆಗೆದು ಮುಂದೆ ಹಿಡಿದ.

"ಆ ಕೆಂಪು ಕಡಸಿಗೆ ಇದು. ಅವತ್ತೇ ಹೇಳಬೇಕಿತ್ತು."

"ಯಾವ ಕಡಸು?"

"ನಿಮಗೆ ಗೊತ್ತಿತ್ತಲ್ಲ, ಸಿದ್." ಪ್ರೌಟ್ ಕಣ್ಣು ಮಿಟುಕಿಸಿದ. "ಅದು ದೊಡ್ಡದು. ನಾನು ಆರು ತಿಂಗಳು ಚಿಕ್ಕದೊಂದರ ತಾರೀಖು ಬರೆದಿದ್ದೆ. ಹೋರಿಗೆ ಬಿಟ್ಟು ಕಾದೆ, ಗಬ್ಬ ನಿಲ್ಲಲಿಲ್ಲ. ಅಷ್ಟರಲ್ಲಿ ಈ ನಿಯಮ ಬಂತು. ಸರ್ಕಾರಕ್ಕೆ ಕೊಡೋಣ ಅಂದರೆ ಸುಡೋಕೆ ಕಾದು ನಿಂತವರ ಸಾಲು ಆರು ತಿಂಗಳು. ಮೂವತ್ತನಾಲ್ಕು ತಿಂಗಳಾಗಿತ್ತು ಅದಕ್ಕೆ. ನೀವು ಬೆರಳಿಟ್ಟು ನಿಂತಾಗ ನನ್ನ ಎದೆಯೇ ನಿಂತಿತು. ಆಮೇಲೆ ಎರಡು ಅಂದಿರಿ. ದೊಡ್ಡ ಮನಸ್ಸು."

ಸಿದ್ದಲಿಂಗಪ್ಪ ಬುಟ್ಟಿಗೆ ಕೈ ಹಾಕಲಿಲ್ಲ. ಹಾಗೇ ಕಾರು ಹತ್ತಿ ಹೊರಟ. ಈಸ್ಟ್ ಹ್ಯಾಮ್ ದಾಟಿ ಎಷ್ಟೋ ಹೊತ್ತಿನ ಮೇಲೆ, ಇಡ್ಲಿಗೆ ನಿಲ್ಲಲಿಲ್ಲವೆಂಬುದು ನೆನಪಾಯಿತು. ಮೋಸ ಹೋದದ್ದು ಒಂದು. ಆ ಮುದುಕ ತನ್ನನ್ನು ಮೋಸದ ಪಾಲುದಾರ ಎಂದುಕೊಂಡದ್ದು ಇನ್ನೊಂದು. ಎರಡರಲ್ಲಿ ಯಾವುದು ಹೆಚ್ಚು ಸುಡುತ್ತಿದೆಯೆಂದು ತಿಳಿಯಲಿಲ್ಲ. ಎಲ್ಲಕ್ಕಿಂತ ಮೇಲೆ, ಬೆರಳಿಗೆ ಆ ದಿನ ನಿಜ ತಗುಲಿತ್ತು. ಸುಳ್ಳು ಹೇಳಿದ್ದು ಬಾಯಿ.

ಆ ವಾರದಿಂದ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಊಟವನ್ನು ಕಿಟಕಿಯ ಬಳಿ ನಿಂತು ಮಾಡಿದ. ಕಚೇರಿಯ ಪುಸ್ತಕ ತೆಗೆದು ನೋಡಿದ. ಆ ಕಡಸಿನ ಎರಡೂ ಭಾಗ ಪಾರ್ಕ್ ರಾಯಲ್‌ನಲ್ಲಿ ಮಾಂಸ ತುಂಡರಿಸುವ ಒಂದು ಘಟಕಕ್ಕೆ ಹೋಗಿದ್ದವು. ರಜೆಯ ದಿನ ಅಲ್ಲಿಗೆ ಹೋದ. ಲಾರಿಗಳು ಸಾಲುಗಟ್ಟಿದ್ದ ಆ ರಸ್ತೆಗಳಲ್ಲಿ ಒಂದು ಕಾಲಕ್ಕೆ ತಾನೇ ಬಿಸ್ಕತ್ತಿನ ವಾಸನೆ ಹೊತ್ತು ನಡೆಯುತ್ತಿದ್ದ. ಘಟಕದ ಗೇಟಿನಲ್ಲಿ ಕೂತಿದ್ದವನಿಗೆ ತನ್ನ ಗುರುತಿನ ಚೀಟಿ ತೋರಿಸಿ, ಹೋದ ಅಕ್ಟೋಬರ್‌ನ ಮಾಲು ಎಲ್ಲಿಗೆ ಹೋಯಿತೆಂದು ಕೇಳಿದ.

"ಅಕ್ಟೋಬರ್ರಾ?" ಅವನು ನಕ್ಕ. "ನಮ್ಮ ಕೊಚ್ಚು ಮಾಂಸ ನಲವತ್ತು ಕಡೆ ಹೋಗುತ್ತೆ. ಹೋಟೆಲು, ಆಸ್ಪತ್ರೆ, ಬರ್ಗರ್ ಮಾಡುವವರು. ಅದೆಲ್ಲ ಯಾವತ್ತೋ ಹೊಟ್ಟೆ ಸೇರಿ ಆಯಿತು. ಏನಾದರೂ ತೊಂದರೆಯೇ?"

"ಇಲ್ಲ" ಎಂದು ಸಿದ್ದಲಿಂಗಪ್ಪ ಹಿಂದಿರುಗಿದ. ಆಸ್ಪತ್ರೆ, ಬರ್ಗರ್ ಎಂಬ ಮಾತುಗಳು ಕಿವಿಯಲ್ಲಿ ಉಳಿದವು. ಮನೆಗೆ ಬಂದವನೇ ಧೃತಿಯ ಕೋಣೆಯ ಬಾಗಿಲು ತಟ್ಟಿದ.

"ನೀನು ಸ್ಕೂಲಲ್ಲಿ ಬೀಫ್ ತಿಂತೀಯೇನು?"

ಅವಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿದಳು. ಬೈಗುಳ ಬರುವುದೆಂದು ಮುಖ ಬಿಗಿಯಾಗಿತ್ತು. "ಸಮ್‌ಟೈಮ್ಸ್. ಎವ್ರಿಬಡಿ ಡಸ್, ಅಪ್ಪಾ."

"ಹೋದ ಅಕ್ಟೋಬರ್, ನವೆಂಬರ್‌ದಾಗ?"

"ಹೌ ವುಡ್ ಐ ನೋ?"

ಅವನು ಬೈಯಲಿಲ್ಲ. ಅಲ್ಲೇ ಬಾಗಿಲಿಗೆ ಆತು ನಿಂತಿದ್ದು, ಆಮೇಲೆ ಹಜಾರಕ್ಕೆ ಬಂದ. ಅಷ್ಟೊತ್ತಿಗೆ ವಿಜಯಾ ಅಡುಗೆಮನೆಯಿಂದ ಬಂದಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ವಾರ್ಡಿನಲ್ಲಿ ರೋಗಿಯ ಮಾತು ಕೇಳುವ ಹಾಗೆ ಕೊನೆಯವರೆಗೂ ಕೇಳಿದಳು.

"ನೋಡ್ರಿ, ನಾಕು ತಿಂಗಳ ಹೆಚ್ಚಿಗಿ ಇತ್ತು ಆ ಕಡಸು. ಅದಕ್ಕ ರೋಗ ಇತ್ತಂತ ಯಾರ ಹೇಳ್ಯಾರ? ಮಿದುಳು, ಬೆನ್ನುಹುರಿ ಎಲ್ಲಾ ಮೊದಲ ತಗದ ಬಿಡ್ತೀರಿ. ಲಕ್ಷಕ್ಕ ಒಂದೂ ಇಲ್ಲ. ಹಿಂಗ ಮನಿತುಂಬ ಅಡ್ಡಾಡಿದ್ರ ಅದು ತಿರುಗಿ ಬರ್ತದೇನು?"

"ಲಕ್ಷಕ್ಕ ಒಂದು ಇಲ್ಲ ಅಂತ ನೀ ಹೇಳ್ತಿ. ಹತ್ತು ವರ್ಷ ಅವರೂ ಹಂಗ ಹೇಳಿದ್ರು."

ವಿಜಯಾ ಒಲೆ ಆರಿಸಲು ಅಡುಗೆಮನೆಗೆ ಹೋದಳು.

ಜುಲೈನಲ್ಲಿ ಅವನು ಆ ಕಡಸಿನ ವಿಷಯವನ್ನೆಲ್ಲ ಇನೆಸ್‌ಗೆ ಕಾಗದದಲ್ಲಿ ಬರೆದುಕೊಟ್ಟ. ಅವಳು ಓದಿ, ಕೋಣೆಯ ಬಾಗಿಲು ಹಾಕಿದಳು.

"ಇದನ್ನು ನಾನು ಓದಿಲ್ಲ ಅಂದುಕೊಳ್ಳಲೇ? ಆ ತಲೆ ಅಂದೇ ಸುಟ್ಟುಹೋಗಿದೆ. ಯಾರೂ ಏನೂ ತೋರಿಸಲಾರರು."

"ಓದಿದ್ದೀರಿ" ಎಂದ ಸಿದ್ದಲಿಂಗಪ್ಪ.

ಸೆಪ್ಟೆಂಬರ್‌ನಲ್ಲಿ ವಿಚಾರಣೆ. ನಗರದ ನಡುವಿನ ಒಂದು ಕಟ್ಟಡದ ಐದನೇ ಮಹಡಿ. ಲಿಫ್ಟ್‌ಗೆ ಕಾಯಲಾಗದೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಹೋದ. ಇಬ್ಬರು ಅಧಿಕಾರಿಗಳಿದ್ದರು. ಅವರಲ್ಲಿ ಹಿರಿಯಳು ಸಮಾಧಾನದಿಂದಲೇ ಕೇಳಿದಳು: "ಅಂದು ಮೂರನೆಯ ಹಲ್ಲು ಒಸಡು ದಾಟಿತ್ತೇ? ನಿಮಗೆ ಖಚಿತವಾಗಿ ನೆನಪಿಲ್ಲದಿದ್ದರೆ ಹಾಗೆಯೇ ಹೇಳಬಹುದು." ಅದು ಅವನಿಗಾಗಿ ತೆರೆದಿಟ್ಟ ಬಾಗಿಲೆಂದು ಅವನಿಗೆ ಅರ್ಥವಾಯಿತು.

"ದಾಟಿತ್ತು. ಒಂದು ಸಾಸಿವೆಯಷ್ಟು. ನಾನು ತಿಳಿದೇ ಎರಡು ಅಂದೆ."

"ರೈತ ನಿಮಗೆ ಏನಾದರೂ ಕೊಟ್ಟಿದ್ದನೇ?"

"ಏಳು ತಿಂಗಳ ಮೇಲೆ ಮೊಟ್ಟೆ ಕೊಡಲು ಬಂದ. ತೆಗೆದುಕೊಳ್ಳಲಿಲ್ಲ."

ಅವಳು ಅದನ್ನೂ ಬರೆದುಕೊಂಡಳು. ತನ್ನ ತಪ್ಪು ಹೇಳುವಾಗ ಪ್ರೌಟ್‌ನ ಹೆಸರು ಹೇಳದೆ ಇರುವ ದಾರಿಯಿರಲಿಲ್ಲ. ಕಿವಿಯ ಬಿಲ್ಲೆಯ ನಂಬರು ಕಾಗದದಲ್ಲೇ ಇತ್ತು. ಆ ಭಾಗವನ್ನು ಬರೆಯುವಾಗಲೂ ಅವನ ಕೈ ನಿಂತಿತ್ತು, ಈಗಲೂ ದನಿ ಇಳಿಯಿತು.

ಅವನಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಕಸಾಯಿಖಾನೆಯಿಂದ ತೆಗೆದು ಪಾರ್ಕ್ ರಾಯಲ್‌ನ ಶೈತ್ಯಾಗಾರಗಳಿಗೆ ಹಾಕಿದರು. ಪೆಟ್ಟಿಗೆಗಳ ಚೀಟಿ, ಮುದ್ರೆ, ತಾಪಮಾನ ನೋಡುವ ಕೆಲಸ. ಪ್ರೌಟ್‌ನ ಹೊಲಕ್ಕೆ ಅಧಿಕಾರಿಗಳು ಹೋಗಿ ಪುಸ್ತಕಗಳನ್ನೆಲ್ಲ ತಿರುವಿಹಾಕಿದರು. ನಾಲ್ಕು ತಿಂಗಳು ಒಂದು ದನವೂ ಹೊಲ ಬಿಟ್ಟು ಹೋಗದಂತೆ ತಡೆಯಾಜ್ಞೆ, ಆಮೇಲೆ ದಂಡ. ಆ ಚಳಿಗಾಲದಲ್ಲಿ ಪ್ರೌಟ್ ದನಗಳನ್ನೆಲ್ಲ ಮಾರಿದನೆಂದು ಇನೆಸ್ ಫೋನಿನಲ್ಲಿ ಹೇಳಿದಳು.

ಸಿದ್ದಲಿಂಗಪ್ಪ ಎರಡು ವಾರ ಒದ್ದಾಡಿದ. 1998ರ ಮಾರ್ಚ್‌ನ ಒಂದು ಶನಿವಾರ ಮಧ್ಯಾಹ್ನ ಕಾರು ಹತ್ತಿ ನಾರ್ತ್ ಆಕೆಂಡನ್‌ಗೆ ಹೊರಟ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡದ್ದು ಗೇಟು ತೆಗೆಯುವಷ್ಟರಲ್ಲಿ ಹಾರಿಹೋಯಿತು. ಅಂಗಳದಲ್ಲಿ ದನಗಳಿದ್ದ ಕಡೆ ಯಾರದೋ ನಾಲ್ಕು ಕ್ಯಾರವಾನ್ ನಿಂತಿದ್ದವು. ಪ್ರೌಟ್ ಒಂದು ಬಕೆಟ್ ಹಿಡಿದು ಹೊರಬಂದ. ಗುರುತು ಹಿಡಿದು, ಬಕೆಟ್ ಕೆಳಗಿಟ್ಟ.

"ನೀವಾ? ಇನ್ನೇನು ಬಾಕಿ ಇದೆ ನೋಡೋಕೆ?"

"ಏನೂ ನೋಡೋಕೆ ಬಂದಿಲ್ಲ. ನಾನೇ ಹೇಳಿದ್ದು ಅಂತ ನಿಮಗೆ ಎದುರಿಗೆ ಹೇಳಬೇಕಿತ್ತು."

"ಅದು ಗೊತ್ತು. ಸುಮ್ಮನಿದ್ದಿದ್ದರೆ ಏನು ಹೋಗ್ತಿತ್ತು ನಿಮ್ಮದು?"

"ನಿಮ್ಮ ಮಾತು ಕೇಳಿದ ಮೇಲೆ ಕೂತು ಊಟ ಮಾಡೋಕೆ ಆಗಲಿಲ್ಲ. ಅದರ ಮಾಂಸ ಯಾರು ತಿಂದರೋ ಅಂತ. ಪಾರ್ಕ್ ರಾಯಲ್‌ವರೆಗೆ ಹುಡುಕಿಕೊಂಡು ಹೋದೆ."

ಪ್ರೌಟ್ ಅವನನ್ನೇ ನೋಡುತ್ತ ನಿಂತ. ಅವನ ಮುಖದ ಸಿಟ್ಟು ಇಳಿಯಲಿಲ್ಲ, ಆದರೆ ಅದರ ಜೊತೆ ಬೇರೆ ಏನೋ ಸೇರಿಕೊಂಡಿತು. "ಬನ್ನಿ ಇಲ್ಲಿ" ಎಂದು ಕೊಟ್ಟಿಗೆಯ ಹಿಂದಿನ ಶೆಡ್ಡಿಗೆ ಕರೆದೊಯ್ದು ಒಂದು ದೊಡ್ಡ ಫ್ರೀಜರಿನ ಮುಚ್ಚಳ ಎತ್ತಿದ. ಒಳಗೆ ಒಂದೆರಡು ಬಟಾಣಿ ಪೊಟ್ಟಣಗಳಷ್ಟೇ ಇದ್ದವು.

"ಅರ್ಧ ಅಲ್ಲಿ ಮಾರಿದರು. ಇನ್ನರ್ಧ ತುಂಡು ಮಾಡಿ ನನಗೇ ವಾಪಸ್ ಕಳಿಸಿದರು, ಮನೆಗೆ ಅಂತ. ಆ ಚಳಿಗಾಲ ಪೂರ್ತಿ ನಾವು ತಿಂದದ್ದು ಅದನ್ನೇ. ನಾನು, ಜೀನ್, ಭಾನುವಾರಕ್ಕೆ ಬರುವ ಮೊಮ್ಮಕ್ಕಳಿಬ್ಬರು. ಕೆಟ್ಟದ್ದು ಅಂತ ನನಗೆ ಒಂದು ಕೂದಲಿನಷ್ಟು ಅನುಮಾನ ಇದ್ದಿದ್ದರೂ ಆ ಮಕ್ಕಳಿಗೆ ಹಾಕ್ತಿದ್ದೆನಾ?"

ಇದು ಸಮಾಧಾನದ ಮಾತೆಂದೇ ಪ್ರೌಟ್ ಹೇಳಿದ್ದ. ಸಿದ್ದಲಿಂಗಪ್ಪನಿಗೆ ಹಾಗೆ ಕೇಳಿಸಲಿಲ್ಲ. ಇಷ್ಟು ದಿನ ತಿಂದವರಿಗೆ ಮುಖವಿರಲಿಲ್ಲ. ಅಷ್ಟರಲ್ಲಿ ಜೀನ್ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಬಿಳಿಗೂದಲಿನ, ದಪ್ಪ ಕನ್ನಡಕದ ಹೆಂಗಸು. "ಯಾರು ಡೆನಿಸ್? ಒಳಗೆ ಕರಿ, ಚಹಾ ಇಟ್ಟಿದ್ದೇನೆ" ಎಂದಳು.

ಅವನು ಒಳಗೆ ಹೋಗಿ ಚಹಾ ಕುಡಿದ. ಜೀನ್ ಬಟ್ಟಲು ಎತ್ತುವಾಗ ಕೈ ನಡುಗುತ್ತದೆಯೇ ಎಂದು ನೋಡುತ್ತಿದ್ದ. ನಡುಗಲಿಲ್ಲ. ಹೊರಡುವಾಗ ಫೋನ್ ನಂಬರು ಕೇಳಿದ. ಪ್ರೌಟ್ ಯಾಕೆ ಎಂದು ಕೇಳದೆ ಬರೆದುಕೊಟ್ಟ.

ಆ ವರ್ಷದ ಕ್ರಿಸ್ಮಸ್‌ಗೆ ಮೊದಲ ಸಲ ಫೋನ್ ಮಾಡಿದ. ಹಬ್ಬದ ಶುಭಾಶಯ ಹೇಳಿ, "ಮನೆಯಲ್ಲೆಲ್ಲ ಹೇಗಿದ್ದೀರಿ?" ಎಂದ. ಪ್ರೌಟ್, "ನಾಲ್ವರೂ ನೆಟ್ಟಗೆ ನಡೀತಿದ್ದೇವೆ, ಸಿದ್. ನಾಲ್ವರಿಗೂ ತಲೆ ಸರಿಯಿದೆ" ಎಂದು ಫೋನಿಟ್ಟ. ಮರುವರ್ಷ ಇನ್ನೂ ಎರಡು ಮಾತು ಹೆಚ್ಚಾಡಿದ. 2001ರಲ್ಲಿ ಕಾಲುಬಾಯಿ ರೋಗ ಬಂದು ದೇಶದ ಹೊಲಗಳಲ್ಲಿ ದನಗಳ ರಾಶಿ ಉರಿಯುತ್ತಿದ್ದಾಗ ಪ್ರೌಟ್ ತಾನೇ ಫೋನ್ ಮಾಡಿದ. "ನೀವು ಹಾಕಿಸಿದ ದಂಡ ನನ್ನನ್ನು ಇದರಿಂದ ಉಳಿಸಿತು ನೋಡಿ. ನನ್ನ ಕಣ್ಣೆದುರು ಅದು ನಡೆದಿದ್ದರೆ ತಡೆಯುತ್ತಿರಲಿಲ್ಲ" ಎಂದವನು, ಬಹಳ ಹೊತ್ತು ತನ್ನ ಹಳೆಯ ದನಗಳ ಮಾತಾಡಿದ. ಸಿದ್ದಲಿಂಗಪ್ಪ ಮೊದಲ ಬಾರಿಗೆ ಹಾವೇರಿ ಪೇಟೆಯ ವಿಚಾರ ಹೇಳಿದ. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕೇಳಿ ಪ್ರೌಟ್ ನಂಬಲೇ ಇಲ್ಲ.

ವಿಜಯಾ ಈ ಫೋನುಗಳನ್ನು ಕೇಳಿಯೂ ಕೇಳದಂತಿದ್ದಳು. ಒಮ್ಮೆ ಮಾತ್ರ, "ಇನ್ನ ಎಷ್ಟ ವರ್ಷ ಅವರ ಆರೋಗ್ಯ ಕಾಯ್ತೀರಿ?" ಎಂದಳು.

"ಆ ರೋಗ ಎಷ್ಟ ವರ್ಷ ಮೈಯಾಗ ಅಡಗಿರ್ತದ ಅಂತ ನೀನ ಹೇಳು, ಡಾಕ್ಟರ್."

"ಗೊತ್ತಿಲ್ರಿ" ಎಂದಳು.

2005ರ ನವೆಂಬರ್‌ನಲ್ಲಿ ಮೂವತ್ತು ತಿಂಗಳ ನಿಯಮವೇ ಹೋಯಿತು. ವಯಸ್ಸಾದ ದನದ ಮಿದುಳಿನ ಚೂರೊಂದನ್ನು ಪ್ರಯೋಗಾಲಯದಲ್ಲಿ ನೋಡಿ, ರೋಗವಿಲ್ಲವೆಂದರೆ ಮಾಂಸ ಮಾರಬಹುದು. ಶೈತ್ಯಾಗಾರದ ಕಚೇರಿಯಲ್ಲಿ ಸಿದ್ದಲಿಂಗಪ್ಪ ಆ ಸುತ್ತೋಲೆಯನ್ನು ನಿಂತೇ ಓದಿದ. ಒಂಬತ್ತು ವರ್ಷದ ಹಿಂದೆ ಈ ಕಾಗದ ಇದ್ದಿದ್ದರೆ ಆ ಕಡಸು ಯಾರ ತಕರಾರೂ ಇಲ್ಲದೆ ತಟ್ಟೆಗೆ ಹೋಗುತ್ತಿತ್ತು. ಅಥವಾ ಪರೀಕ್ಷೆ ಬೇರೆಯೇ ಏನೋ ಹೇಳುತ್ತಿತ್ತು. ಎರಡನೆಯ ಯೋಚನೆ ಬಂದದ್ದೇ ಕಾಗದ ಮಡಿಚಿಟ್ಟು, ಕೋಟು ಏರಿಸಿಕೊಂಡು, ತಾಪಮಾನ ನೋಡುವ ನೆಪದಲ್ಲಿ ಆ ಮಂಜುಗಡ್ಡೆಯ ಕೋಣೆಗಳಲ್ಲಿ ಒಂದು ಸುತ್ತು ಹಾಕಿ ಬಂದ. ಮರುವರ್ಷ ಹೊರದೇಶಗಳಿಗೆ ಮಾಂಸ ಕಳಿಸಲು ಅನುಮತಿ ಸಿಕ್ಕಿ ಪ್ರಚಾರದವರು ಮತ್ತೆ ಪೋಸ್ಟರ್ ಹಂಚಿದರು. ಶೈತ್ಯಾಗಾರದ ಹುಡುಗರು ಕೇಕ್ ತಂದು ಕೊಯ್ದರು.

2008ರ ಫೆಬ್ರವರಿಯಲ್ಲಿ ಜೀನ್ ಫೋನ್ ಮಾಡಿದಳು. ಡೆನಿಸ್ ಬೆಳಗ್ಗೆ ತೋಟಕ್ಕೆ ಹೋದವನು ಅಲ್ಲೇ ಕುಸಿದ. ಹೃದಯಾಘಾತ. ಎಪ್ಪತ್ತೆಂಟು ವರ್ಷ.

"ಹೃದಯವೇ?" ಎಂದು ಸಿದ್ದಲಿಂಗಪ್ಪ ಎರಡು ಸಲ ಕೇಳಿದ.

"ಹೃದಯವೇ" ಎಂದಳು ಜೀನ್. "ನೀವು ಕೇಳುತ್ತೀರೆಂದು ಡಾಕ್ಟರ ಕಾಗದ ಕೈಯಲ್ಲೇ ಇಟ್ಟುಕೊಂಡಿದ್ದೇನೆ. ಓದಲೇ?"

ಅವನಿಗೆ ನಾಚಿಕೆಯಾಯಿತು. ಬೇಡವೆಂದ.

ಅಂತ್ಯಕ್ರಿಯೆಗೆ ಧೃತಿ ಅವನನ್ನು ಕಾರಿನಲ್ಲಿ ಕರೆದೊಯ್ದಳು. ಈಗ ಇಪ್ಪತ್ತಾರು ವರ್ಷ, ವಕೀಲರ ಕಚೇರಿಯಲ್ಲಿ ಕೆಲಸ. ಅಪ್ಪನಿಗೆ ಇಂಥ ಗೆಳೆಯನಿದ್ದನೆಂದೇ ಅವಳಿಗೆ ಗೊತ್ತಿರಲಿಲ್ಲ. ಹಳ್ಳಿಯ ಸಣ್ಣ ಚರ್ಚಿನಲ್ಲಿ ಮೂವತ್ತು ಜನ. ಶವಪೆಟ್ಟಿಗೆಯನ್ನು ಹೊತ್ತವರಲ್ಲಿ ಎತ್ತರದ ಇಬ್ಬರು ತರುಣರು ಮೊಮ್ಮಕ್ಕಳೆಂದು ಯಾರೋ ಹೇಳಿದರು. ಸಿದ್ದಲಿಂಗಪ್ಪ ಅವರ ಹೆಜ್ಜೆಗಳನ್ನೇ ನೋಡಿದ. ಕಲ್ಲುಹಾಸಿನ ಮೇಲೆ ಹೆಜ್ಜೆಗಳು ಸಮವಾಗಿ ಬಿದ್ದವು.

ಆಮೇಲೆ ಮನೆಯಲ್ಲಿ ಚಹಾ ಕೊಡುತ್ತ ಜೀನ್ ಅವನ ಪಕ್ಕ ಕೂತಳು. "ಕ್ರಿಸ್ಮಸ್ ಹತ್ತಿರ ಬಂದರೆ ಡೆನಿಸ್ ಫೋನಿನ ಬಳಿಯೇ ಕುರ್ಚಿ ಹಾಕಿಕೊಳ್ಳುತ್ತಿದ್ದ. ನಿಮ್ಮನ್ನು ಚೆನ್ನಾಗಿ ಬೈದುಕೊಳ್ಳುತ್ತಲೇ ಕಾಯುತ್ತಿದ್ದ. ಇನ್ನು ನನಗೆ ಮಾಡಿ. ನನಗೆ ಕಿವಿ ಮಂದ, ಜೋರಾಗಿ ಮಾತಾಡಬೇಕು."

"ಮಾಡ್ತೇನೆ."

ವಾಪಸು ಬರುವಾಗ ನಾರ್ತ್ ಸರ್ಕ್ಯುಲರ್‌ನಲ್ಲಿ ಎಲ್ಲೋ ಅಪಘಾತವಾಗಿ ಕಾರುಗಳು ಒಂದೂ ಕದಲಲಿಲ್ಲ. ಧೃತಿ ಎಂಜಿನ್ ಆರಿಸಿದಳು. "ಹೂ ವಾಸ್ ಹಿ, ಅಪ್ಪಾ?" ಎಂದಳು.

ಅವನು ಹೇಳಿದ. ಕಡಸು, ಒಸಡು, ಮೊಟ್ಟೆಯ ಬುಟ್ಟಿ, ಫ್ರೀಜರು. ಅವಳ ಕೋಣೆಯ ಬಾಗಿಲು ತಟ್ಟಿದ ಆ ಸಂಜೆಯನ್ನೂ. ಧೃತಿ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಮುಂದಿನ ಲಾರಿಯ ಕೆಂಪು ದೀಪ ನೋಡುತ್ತ ಕೇಳಿದಳು. ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಕನ್ನಡ ಬಂತು, ತೊಡರುತ್ತ.

"ನಾನೂ ತಿಂದಿನಿ ಅಂತ... ನೀವು ನನ್ನನ್ನೂ ನೋಡ್ತಾ ಇದ್ರಾ? ಹಿಂಗ, ನಡಿಯೋದು, ಕೈ?"

"ಹೂಂ."

"ಇಷ್ಟು ವರ್ಷ?"

"ಹೂಂ."

ಅವಳು ಒಂದು ಕೈ ತೆಗೆದು ಅವನ ಎದುರಿಗೆ ಚಾಚಿ ಹಿಡಿದಳು, ಬೆರಳು ಬಿಡಿಸಿ, ನಡುಗುತ್ತದೆಯೋ ಇಲ್ಲವೋ ನೋಡು ಎಂಬಂತೆ. ಸಿದ್ದಲಿಂಗಪ್ಪ ನೋಡಿದ. ಮುಂದಿನ ಲಾರಿ ಕದಲಿತು. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಧೃತಿ ಕೈ ಹಿಂದಕ್ಕೆಳೆದುಕೊಂಡು ಗೇರ್ ಹಾಕಿದಳು.